ದೆಹಲಿಗೆ ಬೆಂಗಳೂರಿಗಿಂತ ತಾಷ್ಕೆಂಟ್ ಹತ್ತಿರ. ಆದರೂ ವಿಮಾನ ಸುತ್ತಿ ಬಳಸಿ ಹೋಗುವುದು ಯಾಕೆ?

2025ರ ಏಪ್ರಿಲ್‌ನಿಂದೀಚೆಗೆ ತಿಂಗಳಿಗೊಮ್ಮೆ ಒಂದೇ ಬಗೆಯ ಸುದ್ದಿ ಬಂದಿದೆ. ಭಾರತದ ವಿಮಾನಗಳು ತನ್ನ ಆಕಾಶದಲ್ಲಿ ಹಾರಬಾರದು ಎಂಬ ನಿಷೇಧವನ್ನು ಪಾಕಿಸ್ತಾನ ಇನ್ನೊಂದು ತಿಂಗಳು ಮುಂದುವರಿಸಿತು ಅಂತ. ಅದರ ಹಿಂದೆಯೇ ಭಾರತವೂ ಪಾಕಿಸ್ತಾನದ ವಿಮಾನಗಳಿಗೆ ಹಾಗೇ ಮಾಡಿತು ಅಂತ. ಓದಿ ಪುಟ ತಿರುವಿ ಹಾಕುವ ಸುದ್ದಿ. ಆದರೆ ಟಿಕೆಟ್ ಬುಕ್ ಮಾಡಲು ಕೂತವರಿಗೆ ತಲೆ ಕೆಡುತ್ತದೆ. ದೆಹಲಿಯಿಂದ ಲಂಡನ್‌ಗೆ ಹುಡುಕಿದರೆ ಭಾರತದ ಕಂಪನಿಯ ವಿಮಾನಕ್ಕೆ ಒಂದು ಸಮಯ, ಯುರೋಪಿನ ಕಂಪನಿಯ ವಿಮಾನಕ್ಕೆ ಇನ್ನೊಂದು ಸಮಯ. ವ್ಯತ್ಯಾಸ ಒಂದು ಗಂಟೆಯ ಆಸುಪಾಸು. ಊರು ಅವೇ, ದೂರ ಅಷ್ಟೇ, ಎಷ್ಟೋ ಸಲ ವಿಮಾನದ ಮಾದರಿಯೂ ಅದೇ. ಮತ್ತೆ ಹೇಗೆ?

ಇದು ಅರ್ಥವಾಗಬೇಕಾದರೆ ಎರಡು ಊರುಗಳ ನಡುವಿನ ದೂರ ಅಂದರೆ ಏನು ಅನ್ನುವಲ್ಲಿಂದಲೇ ಶುರು ಮಾಡಬೇಕು.

ನಕಾಶೆ ಹೇಳುವ ದೂರ

ದೆಹಲಿಯಿಂದ ಬೆಂಗಳೂರಿಗೆ ವಾಯುಮಾರ್ಗದ ನೇರ ದೂರ ಸುಮಾರು 1,700 ಕಿ.ಮೀ. ದೆಹಲಿಯಿಂದ ಉಜ್ಬೇಕಿಸ್ತಾನದ ತಾಷ್ಕೆಂಟ್‌ಗೆ ಸುಮಾರು 1,580 ಕಿ.ಮೀ. ಕಜಾಕಿಸ್ತಾನದ ಅಲ್ಮಾಟಿಗೆ ಸುಮಾರು 1,640 ಕಿ.ಮೀ. ಅಂದರೆ ದೆಹಲಿಯವರಿಗೆ ಈ ಎರಡೂ ವಿದೇಶಿ ಊರುಗಳು ಬೆಂಗಳೂರಿಗಿಂತ ಹತ್ತಿರ. ಅಲ್ಮಾಟಿಯಂತೂ ದೆಹಲಿಯ ತಲೆಯ ಮೇಲೇ ಇದೆ. ಎರಡರ ರೇಖಾಂಶವೂ ಹೆಚ್ಚೂಕಮ್ಮಿ 77 ಡಿಗ್ರಿ ಪೂರ್ವ. ಬೆಂಗಳೂರು ನೇರ ದಕ್ಷಿಣಕ್ಕೆ, ಅಲ್ಮಾಟಿ ನೇರ ಉತ್ತರಕ್ಕೆ.

ಈ ಅಂಕಿಗಳು ಬರುವುದು ಭೂಮಿಯ ಮೇಲ್ಮೈಯಲ್ಲಿ ಎರಡು ಬಿಂದುಗಳ ನಡುವೆ ಇರುವ ಅತಿ ಕಡಿಮೆ ದೂರದ ಲೆಕ್ಕದಿಂದ. ಭೂಮಿ ದುಂಡಗಿರುವುದರಿಂದ ಆ ಗೆರೆ ಗೋಡೆಯ ನಕಾಶೆಯಲ್ಲಿ ಬಿಲ್ಲಿನ ಹಾಗೆ ಬಾಗಿ ಕಾಣುತ್ತದೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನಕಾಶೆ ನೋಡಿದರೆ ಪೂರ್ವಕ್ಕೋ ಪಶ್ಚಿಮಕ್ಕೋ ಹೋಗಬೇಕು ಅನಿಸುತ್ತದೆ. ಗೋಲದ ಮೇಲೆ ದಾರ ಎಳೆದು ಹಿಡಿದರೆ ಅದು ಉತ್ತರಕ್ಕೆ ಏರಿ, ಉತ್ತರ ಧ್ರುವದ ಹತ್ತಿರ ಹಾದು, ಆಚೆ ಇಳಿಯುತ್ತದೆ. ದೂರ ಸುಮಾರು 14,000 ಕಿ.ಮೀ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಧ್ರುವದ ಮೇಲಿಂದಲೇ ವಿಮಾನ ತಂದದ್ದು ಇದೇ ಕಾರಣಕ್ಕೆ.

ಮೊಬೈಲಿನ ಆ್ಯಪ್‌ಗಳು ಈ ನೇರ ದೂರವನ್ನು ತೆಗೆದುಕೊಂಡು, ಗಂಟೆಗೆ 800ರಿಂದ 900 ಕಿ.ಮೀ. ವೇಗದಿಂದ ಭಾಗಿಸಿ, ಏರಲು ಇಳಿಯಲು ಅರ್ಧ ಗಂಟೆ ಸೇರಿಸಿ, ಇಷ್ಟು ಹೊತ್ತು ಬೇಕು ಅಂತ ಹೇಳಿಬಿಡುತ್ತವೆ. ಆ ಲೆಕ್ಕಕ್ಕೆ ಗಾಳಿಯೂ ಗೊತ್ತಿಲ್ಲ, ಗಡಿಯೂ ಗೊತ್ತಿಲ್ಲ.

ಟಿಕೆಟ್ ಮೇಲಿನ ಸಮಯ ಬೇರೆಯದೇ ಬಗೆಯದು. ವಿಮಾನ ನಿಂತ ಜಾಗದಿಂದ ಹಿಂದೆ ಸರಿದ ಕ್ಷಣದಿಂದ, ಇಳಿದ ಊರಿನಲ್ಲಿ ಪೂರ್ತಿ ನಿಲ್ಲುವ ತನಕದ ಹೊತ್ತು ಅದು. ರನ್‌ವೇ ತನಕ ಹೋಗುವುದು, ಸರದಿಗೆ ಕಾಯುವುದು, ಇಳಿಯುವ ಮುಂಚೆ ಆಕಾಶದಲ್ಲಿ ಸುತ್ತು ಹಾಕುವುದು ಎಲ್ಲ ಅದರೊಳಗೆ ಬರುತ್ತದೆ. ತಡವಾಯಿತು ಅನಿಸಿಕೊಳ್ಳಬಾರದು ಅಂತ ಕಂಪನಿಗಳು ಒಂದಿಷ್ಟು ನಿಮಿಷ ಜಾಸ್ತಿಯೇ ಬರೆದಿರುತ್ತವೆ. ದೆಹಲಿ–ಬೆಂಗಳೂರು ವಿಮಾನ ಆಗಾಗ ಹೇಳಿದ್ದಕ್ಕಿಂತ ಮುಂಚೆ ಇಳಿಯುವುದು, ಪೈಲಟ್ ಅದನ್ನು ಹೆಮ್ಮೆಯಿಂದ ಮೈಕಿನಲ್ಲಿ ಹೇಳುವುದು ಈ ಪುಣ್ಯದಿಂದಲೇ.

ಬಾಗಿಲು ಮುಚ್ಚಿದ್ದು ಯಾರಿಗೆ

2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಭಯೋತ್ಪಾದಕರ ದಾಳಿ ನಡೆಯಿತು. ಭಾರತ ಸಿಂಧೂ ಜಲ ಒಪ್ಪಂದವನ್ನು ತಡೆಹಿಡಿಯುವುದೂ ಸೇರಿ ಹಲವು ಕ್ರಮ ಪ್ರಕಟಿಸಿತು. ಏಪ್ರಿಲ್ 24ರಂದು ಪಾಕಿಸ್ತಾನ ತನ್ನ ವಾಯುಸೀಮೆಯನ್ನು ಭಾರತದ ವಿಮಾನಗಳಿಗೆ ಮುಚ್ಚಿತು. ಏಪ್ರಿಲ್ 30ರಂದು ಭಾರತವೂ ಪಾಕಿಸ್ತಾನದ ವಿಮಾನಗಳಿಗೆ ಮುಚ್ಚಿತು. ಪೈಲಟ್‌ಗಳಿಗೂ ಕಂಪನಿಗಳಿಗೂ ಕೊಡುವ ಇಂಥ ಅಧಿಕೃತ ಸೂಚನೆಗೆ ನೋಟಮ್ ಅನ್ನುತ್ತಾರೆ. ಒಂದೊಂದು ತಿಂಗಳ ಅವಧಿಗೆ ಅದನ್ನು ಹೊರಡಿಸುತ್ತ ಬಂದದ್ದರಿಂದಲೇ ಸುದ್ದಿಯೂ ತಿಂಗಳಿಗೊಮ್ಮೆ ಬಂದಿತು.

ಇಲ್ಲಿ ಜನ ಸಾಮಾನ್ಯವಾಗಿ ಗಮನಿಸದ ಒಂದು ವಿಷಯವಿದೆ. ಆಕಾಶ ಎಲ್ಲರಿಗೂ ಮುಚ್ಚಿಲ್ಲ. ಭಾರತದಲ್ಲಿ ನೋಂದಣಿಯಾದ, ಭಾರತದ ಕಂಪನಿಗಳು ಓಡಿಸುವ ಅಥವಾ ಲೀಸ್‌ಗೆ ಪಡೆದ ವಿಮಾನಗಳಿಗೆ ಮಾತ್ರ ಮುಚ್ಚಿದೆ. ಜರ್ಮನಿಯದೋ ಫ್ರಾನ್ಸಿನದೋ ಕಂಪನಿ ದೆಹಲಿಯಿಂದ ಹೊರಟು ಲಾಹೋರ್ ಮೇಲಿಂದ ಹಾರಿಹೋಗಲು ಕಾನೂನಿನ ಅಡ್ಡಿಯಿಲ್ಲ. 2025ರ ಮೇ ತಿಂಗಳ ಸಂಘರ್ಷದ ಹೊತ್ತಿನಲ್ಲಿ ಕೆಲವು ಯುರೋಪಿನ ಕಂಪನಿಗಳು ತಾವಾಗಿಯೇ ಆ ದಾರಿ ಬಿಟ್ಟಿದ್ದವು. ಅದು ಅವುಗಳ ಸ್ವಂತ ತೀರ್ಮಾನ.

ಟಿಕೆಟ್ ಹುಡುಕುವಾಗ ಒಂದೇ ದಾರಿಗೆ ಎರಡು ಸಮಯ ಕಾಣುವುದಕ್ಕೆ ಇದೇ ಕಾರಣ. ಪ್ರಯಾಣಿಕ ಯಾವ ದೇಶದವನು ಅನ್ನುವುದು ಮುಖ್ಯವಾಗುವುದಿಲ್ಲ. ವಿಮಾನದ ಬಾಲದ ಹತ್ತಿರ ಬರೆದ ನೋಂದಣಿ ಸಂಖ್ಯೆ 'ವಿಟಿ' ಅಂತ ಶುರುವಾದರೆ ಅದು ಭಾರತದ್ದು, ಸುತ್ತಿ ಹೋಗಬೇಕು. ಅಷ್ಟೇ.

ಸುತ್ತು ಎಷ್ಟು ದೊಡ್ಡದು

ಎಲ್ಲ ಊರುಗಳಿಗೂ ಪೆಟ್ಟು ಒಂದೇ ಸಮ ಬಿದ್ದಿಲ್ಲ.

ಬೆಂಗಳೂರಿನಿಂದ ಲಂಡನ್‌ಗೆ ಎಳೆದ ನೇರ ಗೆರೆ ಅರಬ್ಬೀ ಸಮುದ್ರದ ಅಂಚಿನಲ್ಲಿ ಸಾಗಿ ಪಾಕಿಸ್ತಾನದ ನೈಋತ್ಯ ಭಾಗದ ಮೇಲೆ ಹಾದುಹೋಗುತ್ತದೆ. ಅದನ್ನು ಸ್ವಲ್ಪ ಎಡಕ್ಕೆ ಬಗ್ಗಿಸಿ ಒಮಾನ್ ಕಡೆ ತಿರುಗಿಸಿದರೆ ಕೆಲಸ ಆಯಿತು. ಮುಂಬೈ, ಕೊಚ್ಚಿಯ ವಿಮಾನಗಳಿಗೂ ಹಾಗೇ. ಕೊಲ್ಲಿ ದೇಶಗಳಿಗೆ ಹೋಗುವ ದಕ್ಷಿಣ ಭಾರತದವರಿಗೆ ವ್ಯತ್ಯಾಸವೇ ಗೊತ್ತಾಗಲಿಕ್ಕಿಲ್ಲ.

ದೆಹಲಿಯ ಸ್ಥಿತಿ ಬೇರೆ. ಅಲ್ಲಿಂದ ಲಂಡನ್‌ಗೆ ನೇರ ದೂರ ಸುಮಾರು 6,700 ಕಿ.ಮೀ. ಆ ಗೆರೆ ದೆಹಲಿ ಬಿಟ್ಟು ಅರ್ಧ ಗಂಟೆಯೊಳಗೆ ಪಾಕಿಸ್ತಾನಕ್ಕೆ ಕಾಲಿಡುತ್ತದೆ. ಆಮೇಲೆ ಅಫ್ಘಾನಿಸ್ತಾನ, ಮಧ್ಯ ಏಷ್ಯಾ. ಬಾಗಿಲು ಮುಚ್ಚಿದ ಮೇಲೆ ವಿಮಾನ ಮೊದಲು ನೈಋತ್ಯಕ್ಕೆ ತಿರುಗಿ ರಾಜಸ್ಥಾನ, ಗುಜರಾತ್ ದಾಟಬೇಕು. ಸಮುದ್ರ ಹಾಯಬೇಕು. ಒಮಾನ್ ಸಮೀಪ ಹೋಗಿ ಅಲ್ಲಿಂದ ಉತ್ತರಕ್ಕೋ ವಾಯವ್ಯಕ್ಕೋ ಏರಬೇಕು. ಹೋಗಬೇಕಾದ ಊರು ಬಲಗಡೆ ಇದ್ದರೆ ಮೊದಲೊಂದು ಗಂಟೆ ಎಡಗಡೆಗೆ ಹಾರಬೇಕು. ಅಮೃತಸರದ ಪಾಡು ಇನ್ನೂ ಕಷ್ಟ. ಅಲ್ಲಿ ಗಡಿ ವಿಮಾನ ನಿಲ್ದಾಣಕ್ಕೆ ತೀರಾ ಹತ್ತಿರ.

ಈಗ ತಾಷ್ಕೆಂಟ್‌ಗೆ ವಾಪಸ್ ಬರೋಣ. ಹಿಂದೆ ಸುಮಾರು ಮೂರು ಗಂಟೆಯ ಹಾರಾಟ. ಒಮಾನ್ ಕಡೆಯಿಂದ ಇರಾನ್ ಮೇಲೆ ಏರಿ ಬಳಸಿ ಹೋದರೆ ದೂರ ಎರಡು ಪಟ್ಟಿಗೂ ಜಾಸ್ತಿ. 2025ರ ಏಪ್ರಿಲ್ ಕೊನೆಯಲ್ಲಿ ಇಂಡಿಗೊ ದೆಹಲಿಯಿಂದ ಅಲ್ಮಾಟಿ, ತಾಷ್ಕೆಂಟ್ ಹಾರಾಟಗಳನ್ನು ನಿಲ್ಲಿಸಿತು. ತನ್ನ ಬಳಿ ಇರುವ ವಿಮಾನಗಳಿಗೆ ಈಗ ಆ ಊರುಗಳು ಎಟುಕುವುದಿಲ್ಲ ಅಂತ ಕಾರಣ ಕೊಟ್ಟಿತು. ಬೆಂಗಳೂರಿಗಿಂತ ಹತ್ತಿರದ ಊರು ಎಟುಕುವುದಿಲ್ಲ! ನಕಾಶೆಯ ದೂರಕ್ಕೂ ವಿಮಾನದ ದೂರಕ್ಕೂ ಇರುವ ಅಂತರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಹಾಗಾದರೆ ನೇರ ಉತ್ತರಕ್ಕೇ ಹೋಗಬಾರದಾ?

ಅಲ್ಮಾಟಿ ನೇರ ಉತ್ತರದಲ್ಲೇ ಇದೆಯಲ್ಲ, ಪಾಕಿಸ್ತಾನದ ಗೊಡವೆಯೇ ಬೇಡ, ಲಡಾಖ್ ದಾಟಿ ಚೀನಾದ ಮೇಲೆ ಹೋದರಾಯಿತು ಅಂತ ಅನಿಸುವುದು ಸಹಜ. ಆದರೆ ಪಾಕಿಸ್ತಾನದ ಆಕಾಶ ತೆರೆದಿದ್ದಾಗಲೂ ಭಾರತದ ವಿಮಾನಗಳು ಆ ದಾರಿ ಹಿಡಿಯುತ್ತಿರಲಿಲ್ಲ.

ಮೊದಲ ಅಡ್ಡಿ ಬೆಟ್ಟ. ವಿಮಾನ 10–12 ಕಿ.ಮೀ. ಎತ್ತರದಲ್ಲಿ ಹಾರುತ್ತದೆ, ಹಿಮಾಲಯಕ್ಕೆ ಡಿಕ್ಕಿ ಹೊಡೆಯುವ ಪ್ರಶ್ನೆ ಇಲ್ಲ. ತೊಂದರೆ ಬರುವುದು ಒಳಗಿನ ಗಾಳಿಯ ಒತ್ತಡ ಕುಸಿದಾಗ. ಆಗ ತಲೆಯ ಮೇಲಿಂದ ಆಮ್ಲಜನಕದ ಮಾಸ್ಕ್ ಇಳಿಯುತ್ತದೆ. ಬಹುಪಾಲು ವಿಮಾನಗಳಲ್ಲಿ ಅದು ಕಾಲು ಗಂಟೆಯ ಆಜುಬಾಜು ಸಾಕಾಗುವಷ್ಟು ಮಾತ್ರ. ಅಷ್ಟರೊಳಗೆ ಪೈಲಟ್ ವಿಮಾನವನ್ನು ಸುಮಾರು 10,000 ಅಡಿಗೆ ಇಳಿಸಬೇಕು, ಅಂದರೆ 3 ಕಿ.ಮೀ. ಎತ್ತರಕ್ಕೆ. ಕೆಳಗೆ ಕಾರಕೋರಂ ಮತ್ತು ಟಿಬೆಟ್ ಪ್ರಸ್ಥಭೂಮಿ ಇದ್ದರೆ ಎಲ್ಲಿಗೆ ಇಳಿಯುವುದು? ನೆಲವೇ 4–5 ಕಿ.ಮೀ. ಎತ್ತರದಲ್ಲಿದೆ. ಶಿಖರಗಳು ಇನ್ನೂ ಮೇಲೆ. ತುರ್ತಾಗಿ ಇಳಿಯಲು ಹತ್ತಿರದಲ್ಲಿ ದೊಡ್ಡ ನಿಲ್ದಾಣಗಳೂ ಕಡಿಮೆ. ಅಂಥ ಕಡೆ ಹಾರಲು ಹೆಚ್ಚಿನ ಆಮ್ಲಜನಕ, ಮೊದಲೇ ಹಾಕಿಕೊಂಡ ತಪ್ಪಿಸಿಕೊಳ್ಳುವ ದಾರಿ, ವಿಶೇಷ ತರಬೇತಿ ಎಲ್ಲ ಬೇಕು.

ಎರಡನೆಯ ಅಡ್ಡಿ ಚೀನಾದ ಅನುಮತಿ. ಶಿನ್‌ಜಿಯಾಂಗ್ ಭಾಗದ ಆಕಾಶದಲ್ಲಿ ಸೇನೆಯ ಹಿಡಿತ ಬಿಗಿ. ಹೋಟಾನ್ ಸುತ್ತಲಿನ ಆ ದಾರಿಯನ್ನು ಬಿಡಿಸಿಕೊಡಿ ಅಂತ ಏರ್ ಇಂಡಿಯಾ ಭಾರತ ಸರ್ಕಾರದ ಮೂಲಕ ಪ್ರಯತ್ನ ಮಾಡುತ್ತಿದೆ ಎಂದು 2025ರ ಕೊನೆಯಲ್ಲಿ ವರದಿಯಾಗಿತ್ತು. ಸಿಕ್ಕರೆ ಅನುಕೂಲವೇ. ಆದರೆ ಒಬ್ಬ ನೆರೆಯವನು ಬಾಗಿಲು ಹಾಕಿದ್ದಕ್ಕೆ ಇನ್ನೊಬ್ಬ ನೆರೆಯವನ ಬಾಗಿಲನ್ನು ನಂಬಿ ಕೂರುವುದು ಎಷ್ಟು ದಿನದ ಮಾತು ಅನ್ನುವ ಪ್ರಶ್ನೆ ಇದ್ದೇ ಇರುತ್ತದೆ.

ಒಂದು ಗಂಟೆ ಜಾಸ್ತಿಯಾದರೆ ಏನಾಗುತ್ತದೆ

ಒಂದು ಗಂಟೆ ತಾನೇ, ಇನ್ನೊಂದು ಸಿನಿಮಾ ನೋಡಿದರಾಯಿತು ಅಂತ ಪ್ರಯಾಣಿಕರು ಅಂದುಕೊಳ್ಳಬಹುದು. ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಆ ಒಂದು ಗಂಟೆ ಹಲವು ಕಡೆ ಕಾಣಿಸಿಕೊಳ್ಳುತ್ತದೆ.

ಮೊದಲು ಇಂಧನ. ಬೋಯಿಂಗ್ 787 ಗಂಟೆಗೆ ಸುಮಾರು 5 ಟನ್ ಇಂಧನ ಸುಡುತ್ತದೆ. 777 ಇನ್ನೂ ಜಾಸ್ತಿ. ಹಾಗಂತ ಒಂದು ಗಂಟೆ ಜಾಸ್ತಿಗೆ 5 ಟನ್ ಜಾಸ್ತಿ ತುಂಬಿಸಿದರೆ ಮುಗಿಯುವುದಿಲ್ಲ. ಆ 5 ಟನ್ನನ್ನು ಹೊತ್ತುಕೊಂಡು ಹೋಗುವುದಕ್ಕೂ ಇಂಧನ ಬೇಕು. ಹೆಚ್ಚುವರಿ ತೂಕದ 3–4 ಶೇಕಡಾದಷ್ಟು ಇಂಧನ ಪ್ರತಿ ಗಂಟೆಗೂ ಅದನ್ನು ಹೊರುವುದಕ್ಕೇ ಖರ್ಚಾಗುತ್ತದೆ ಅನ್ನುವುದು ಈ ಕ್ಷೇತ್ರದವರ ಅಂದಾಜು. ಹತ್ತು ಗಂಟೆಯ ಹಾರಾಟದಲ್ಲಿ ಆ ಹೆಚ್ಚುವರಿಯ ಕಾಲು ಭಾಗಕ್ಕೂ ಮೀರಿ ದಾರಿಯಲ್ಲೇ ಸೋರಿಹೋದ ಹಾಗೆ.

ಎರಡನೆಯದು ತೂಕದ ಮಿತಿ. ವಿಮಾನ ಇಷ್ಟು ತೂಕಕ್ಕಿಂತ ಜಾಸ್ತಿ ಹೊತ್ತು ಏಳುವಂತಿಲ್ಲ. ದೆಹಲಿಯ ಬೇಸಿಗೆಯಲ್ಲಿ ಈ ಮಿತಿ ಇನ್ನೂ ಕೆಳಗಿಳಿಯುತ್ತದೆ. ಬಿಸಿ ಗಾಳಿ ತೆಳು. ರೆಕ್ಕೆಗೆ ಆಧಾರ ಕಡಿಮೆ, ಎಂಜಿನ್‌ಗೆ ಬಲ ಕಡಿಮೆ. ಒಬ್ಬ ಪ್ರಯಾಣಿಕ, ಅವನ ಲಗೇಜು ಎಲ್ಲ ಸೇರಿ 100 ಕೆ.ಜಿ. ಅಂತ ಇಟ್ಟುಕೊಳ್ಳಿ. 5 ಟನ್ ಇಂಧನಕ್ಕೆ ಜಾಗ ಮಾಡಬೇಕಾದರೆ 50 ಜನರನ್ನೋ ಅಷ್ಟೇ ತೂಕದ ಸರಕನ್ನೋ ಇಳಿಸಬೇಕು. ಲಂಡನ್‌ನಂಥ ಮಧ್ಯಮ ದೂರಕ್ಕೆ ಈ ಪರಿಸ್ಥಿತಿ ಬರುವುದಿಲ್ಲ. ಅಮೆರಿಕದ ಹಾರಾಟಗಳಲ್ಲಿ ಬರುತ್ತದೆ. ಜನರನ್ನು ಇಳಿಸುವ ಬದಲು ದಾರಿಯಲ್ಲಿ ಎಲ್ಲಾದರೂ ಇಂಧನ ತುಂಬಿಸಿಕೊಳ್ಳುವುದು ವಾಸಿ. ಏರ್ ಇಂಡಿಯಾದ ಅಮೆರಿಕ ವಿಮಾನಗಳು ವಿಯೆನ್ನಾದಲ್ಲಿ ನಿಲ್ಲತೊಡಗಿದ್ದು ಹೀಗೆ.

ನಿಂತರೆ ಬರೀ ಇಂಧನದ ಖರ್ಚಲ್ಲ. ಇಳಿದಾಗಲೆಲ್ಲ ನಿಲ್ದಾಣದ ಶುಲ್ಕ. ಇಳಿದು ಏರಲು ಒಂದೆರಡು ಗಂಟೆ. ಆ ಹೊತ್ತಿಗೆ ಪೈಲಟ್‌ಗಳ ಕೆಲಸದ ಸಮಯ ಮುಗಿಯುತ್ತ ಬಂದಿರುತ್ತದೆ. ಎಷ್ಟು ಗಂಟೆ ಹಾರಿಸಬಹುದು ಅನ್ನುವುದಕ್ಕೆ ವಿಮಾನಯಾನ ನಿರ್ದೇಶನಾಲಯದ ಕಟ್ಟುನಿಟ್ಟಾದ ನಿಯಮ ಇದೆ. ಆ ಗೆರೆ ದಾಟಿದರೆ ಇಬ್ಬರ ಜಾಗದಲ್ಲಿ ಮೂವರು, ನಾಲ್ವರು ಪೈಲಟ್‌ಗಳು ಬೇಕು, ಅಥವಾ ನಡುವಿನ ಊರಿನಲ್ಲಿ ಇನ್ನೊಂದು ತಂಡ ಕಾಯುತ್ತಿರಬೇಕು. ಅವರ ಹೋಟೆಲ್, ಭತ್ಯೆ, ಮತ್ತೆ ಡ್ಯೂಟಿಗೆ ಬರುವ ಮುಂಚಿನ ವಿಶ್ರಾಂತಿ ಎಲ್ಲ ಲೆಕ್ಕಕ್ಕೆ ಬಂತು.

ಇಷ್ಟಾದ ಮೇಲೆ ವಿಮಾನದ ದಿನಚರಿ. ಹೋಗಿ ಬರುವುದಕ್ಕೆ ಎರಡು ಗಂಟೆ ಜಾಸ್ತಿಯಾದರೆ, ವಾಪಸ್ ಬಂದ ವಿಮಾನವನ್ನು ಅದೇ ರಾತ್ರಿ ಇನ್ನೊಂದು ಊರಿಗೆ ಕಳಿಸುವ ಯೋಜನೆ ತಪ್ಪುತ್ತದೆ. ಲಂಡನ್‌ನ ಹೀಥ್ರೂ ನಿಲ್ದಾಣದಲ್ಲಿ ಇಳಿಯಲು ಏರಲು ನಿಗದಿಯಾದ ಸ್ಲಾಟ್ ಇರುತ್ತದೆ. ಅದು ತಪ್ಪಿದರೆ ಬೇರೆಯದು ಸುಲಭಕ್ಕೆ ಸಿಗುವುದಿಲ್ಲ. ಹಾಗಾಗಿ ಇಲ್ಲಿಂದಲೇ ಮುಂಚೆ ಹೊರಡಿಸಬೇಕು. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಬಿಗಿಯುತ್ತದೆ. 2025ರ ಸೆಪ್ಟೆಂಬರ್ 1ರಿಂದ ಏರ್ ಇಂಡಿಯಾ ದೆಹಲಿ–ವಾಷಿಂಗ್ಟನ್ ಹಾರಾಟ ನಿಲ್ಲಿಸಿದಾಗ ಎರಡು ಕಾರಣ ಕೊಟ್ಟಿತ್ತು. ಹಳೆಯ 787 ವಿಮಾನಗಳ ಒಳಾಂಗಣ ನವೀಕರಣಕ್ಕಾಗಿ ವಿಮಾನಗಳ ಕೊರತೆ, ಮತ್ತು ಪಾಕಿಸ್ತಾನದ ವಾಯುಸೀಮೆ ಮುಚ್ಚಿರುವುದು. ಎರಡೂ ಬೇರೆ ಬೇರೆ ಅನಿಸಿದರೂ ಒಂದನ್ನೊಂದು ಹೆಚ್ಚಿಸುತ್ತವೆ. ಪ್ರತಿ ಸುತ್ತಿಗೆ ಹೊತ್ತು ಜಾಸ್ತಿ ಬೇಕಾದರೆ ಅದೇ ವೇಳಾಪಟ್ಟಿಗೆ ವಿಮಾನಗಳೂ ಜಾಸ್ತಿ ಬೇಕು.

ನಿಷೇಧ ಒಂದು ವರ್ಷ ಮುಂದುವರಿದರೆ ಸುಮಾರು 60 ಕೋಟಿ ಡಾಲರ್ ಹೊರೆ ಬೀಳುತ್ತದೆ, ಸರ್ಕಾರ ನೆರವಾಗಬೇಕು ಅಂತ ಏರ್ ಇಂಡಿಯಾ ಶುರುವಿನಲ್ಲೇ ಸರ್ಕಾರಕ್ಕೆ ಬರೆದಿತ್ತು ಎಂದು ವರದಿಯಾಗಿತ್ತು. ಇದು ಕಂಪನಿಯದೇ ಅಂದಾಜು ಅನ್ನುವುದನ್ನು ನೆನಪಿಟ್ಟುಕೊಳ್ಳಬೇಕು. ನೆರವು ಕೇಳುವವರು ನಷ್ಟವನ್ನು ಕಡಿಮೆ ಮಾಡಿ ಹೇಳುವುದಿಲ್ಲವಲ್ಲ. ಆದರೆ 2019ರ ಲೆಕ್ಕ ನೋಡಿದರೆ ದಿಕ್ಕು ಸರಿಯಾಗಿಯೇ ಇದೆ. ಬಾಲಾಕೋಟ್ ದಾಳಿಯ ನಂತರ ಫೆಬ್ರವರಿ 27ರಿಂದ ಜುಲೈ 16ರ ತನಕ ಪಾಕಿಸ್ತಾನ ತನ್ನ ಆಕಾಶವನ್ನು ಮುಚ್ಚಿತ್ತು. ಜುಲೈ 2ರ ತನಕ ಏರ್ ಇಂಡಿಯಾಕ್ಕೆ 491 ಕೋಟಿ ರೂಪಾಯಿ ನಷ್ಟವಾಗಿದೆ ಅಂತ ಆಗಿನ ವಿಮಾನಯಾನ ಸಚಿವರು ರಾಜ್ಯಸಭೆಗೆ ತಿಳಿಸಿದ್ದರು. ಸ್ಪೈಸ್‌ಜೆಟ್‌ಗೆ ಸುಮಾರು 31 ಕೋಟಿ, ಇಂಡಿಗೊಗೆ ಸುಮಾರು 25 ಕೋಟಿ. ದೂರದ ಊರುಗಳಿಗೆ ಹೋಗುವ ಕಂಪನಿಗೇ ಜಾಸ್ತಿ ಪೆಟ್ಟು.

ಗಾಳಿಯ ಪಾಲು

ಎಲ್ಲ ತಪ್ಪನ್ನೂ ಗಡಿಯ ಮೇಲೇ ಹೊರಿಸುವಂತಿಲ್ಲ. ಗಡಿ ತೆರೆದಿದ್ದಾಗಲೂ ಹೋಗುವ ಸಮಯ, ಬರುವ ಸಮಯ ಒಂದೇ ಇರಲಿಲ್ಲ. ವಿಮಾನ ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನುವ ಜೋರು ಗಾಳಿ ಬೀಸುತ್ತಿರುತ್ತದೆ. ಗಂಟೆಗೆ 200 ಕಿ.ಮೀ. ದಾಟುವುದು ಅದಕ್ಕೆ ದೊಡ್ಡ ಸಂಗತಿಯಲ್ಲ. ಚಳಿಗಾಲದಲ್ಲಿ ಅದರ ಒಂದು ಕವಲು ಉತ್ತರ ಭಾರತದ ಮೇಲೇ ಬರುತ್ತದೆ. ಪೂರ್ವಕ್ಕೆ ಹಾರುವವರಿಗೆ ಬೆನ್ನಿಗೆ ತಳ್ಳು, ಪಶ್ಚಿಮಕ್ಕೆ ಹಾರುವವರಿಗೆ ಎದೆಗೆ ತಡೆ. ಅದಕ್ಕೇ ಲಂಡನ್‌ಗೆ ಹೋಗುವಾಗ ಹಿಡಿಯುವ ಹೊತ್ತು ಬರುವಾಗ ಹಿಡಿಯುವುದಿಲ್ಲ.

ಗಾಳಿ ಎಷ್ಟರ ಮಟ್ಟಿಗೆ ಲೆಕ್ಕ ಬದಲಿಸುತ್ತದೆ ಅನ್ನುವುದಕ್ಕೆ ಏರ್ ಇಂಡಿಯಾದ್ದೇ ಉದಾಹರಣೆ ಇದೆ. 2016ರ ಅಕ್ಟೋಬರ್‌ನಲ್ಲಿ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನವನ್ನು ಅಟ್ಲಾಂಟಿಕ್ ಕಡೆಯಿಂದ ಬಿಡಿಸಿ ಪೆಸಿಫಿಕ್ ಸಾಗರದ ಮೇಲೆ ಕಳಿಸಿದರು. ಹಳೆಯ ದಾರಿ ಸುಮಾರು 13,900 ಕಿ.ಮೀ. ಹೊಸದು ಸುಮಾರು 15,300 ಕಿ.ಮೀ. ದೂರ 1,400 ಕಿ.ಮೀ. ಜಾಸ್ತಿ, ಆದರೆ ಹದಿನಾಲ್ಕೂವರೆ ಗಂಟೆಯಲ್ಲಿ ತಲುಪಿತು. ಹಳೆಯ ದಾರಿಗಿಂತ ಸುಮಾರು ಎರಡು ಗಂಟೆ ಮುಂಚೆ! ಬೆನ್ನಿಗೆ ಗಾಳಿ ಸಿಕ್ಕಿದ್ದೇ ಕಾರಣ.

ಅದಕ್ಕೇ ಕಂಪನಿಗಳು ದಾರಿಯನ್ನು ಒಮ್ಮೆ ಗೀಚಿ ಸುಮ್ನೆ ಕೂರುವುದಿಲ್ಲ. ಪ್ರತಿದಿನದ ಗಾಳಿ ನೋಡಿ, ಯಾವ ದೇಶದ ಶುಲ್ಕ ಎಷ್ಟು ಅಂತ ನೋಡಿ, ಅವತ್ತಿಗೆ ಅಗ್ಗವಾದ ದಾರಿ ಆರಿಸುತ್ತವೆ. ಒಂದು ದೊಡ್ಡ ಬಾಗಿಲು ಮುಚ್ಚಿದಾಗ ಆಗುವ ನಿಜವಾದ ನಷ್ಟ ಈ ಆಯ್ಕೆಯದು. ಗಾಳಿ ಎದುರಿದ್ದರೂ ಉಳಿದಿರುವ ಒಂದೇ ದಾರಿಯಲ್ಲಿ ಹೋಗಬೇಕು.

ಆಕಾಶ ಯಾರದ್ದು

ಇಲ್ಲಿ ಎರಡು ವಾದಗಳಿವೆ, ಎರಡಕ್ಕೂ ಕಾನೂನಿನ ಬಲ ಇದೆ.

1944ರ ಶಿಕಾಗೊ ಒಪ್ಪಂದದ ಮೊದಲ ವಿಧಿಯೇ ಹೇಳುತ್ತದೆ: ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಪೂರ್ಣ ಹಕ್ಕು ಇದೆ. ಮುಚ್ಚುವವರು ಇದನ್ನು ಹಿಡಿಯುತ್ತಾರೆ. ಅದೇ ಒಪ್ಪಂದದ 9ನೇ ವಿಧಿ, ತುರ್ತು ಸಂದರ್ಭದಲ್ಲಿ ತಾತ್ಕಾಲಿಕವಾಗಿ ಮುಚ್ಚಬಹುದು, ಆದರೆ ದೇಶ ದೇಶಗಳ ನಡುವೆ ಭೇದ ಮಾಡದೆ ಮುಚ್ಚಬೇಕು ಅನ್ನುತ್ತದೆ. ಒಂದೇ ದೇಶದ ವಿಮಾನಗಳಿಗೆ ಮಾತ್ರ ಬಾಗಿಲು ಹಾಕುವುದು ಇದಕ್ಕೆ ಒಪ್ಪುತ್ತದಾ ಅನ್ನುವುದು ಎದುರು ವಾದ. ಯುದ್ಧ ಅಥವಾ ಘೋಷಿತ ತುರ್ತು ಪರಿಸ್ಥಿತಿಯಲ್ಲಿ ದೇಶಗಳ ಕೈ ಕಟ್ಟಿಹಾಕುವುದಿಲ್ಲ ಎನ್ನುವ 89ನೇ ವಿಧಿಯೂ ಇದೆ. ಈಗ ಎರಡೂ ದೇಶಗಳು ಒಂದನ್ನೊಂದು ಮುಚ್ಚಿರುವುದರಿಂದ ಯಾರೂ ದೂರು ಹಿಡಿದು ಹೋಗುವ ಸ್ಥಿತಿಯಲ್ಲಿಲ್ಲ.

ಹಿಂದೆ ಹೋಗಿದ್ದುಂಟು. 1971ರ ಜನವರಿ 30ರಂದು ಇಂಡಿಯನ್ ಏರ್‌ಲೈನ್ಸ್‌ನ 'ಗಂಗಾ' ವಿಮಾನವನ್ನು ಅಪಹರಿಸಿ ಲಾಹೋರ್‌ಗೆ ಒಯ್ದು ಸುಟ್ಟುಹಾಕಿದರು. ಭಾರತ ಕೂಡಲೇ ತನ್ನ ಆಕಾಶವನ್ನು ಪಾಕಿಸ್ತಾನಕ್ಕೆ ಮುಚ್ಚಿತು. ಆಗ ಪೂರ್ವ ಪಾಕಿಸ್ತಾನ, ಅಂದರೆ ಇವತ್ತಿನ ಬಾಂಗ್ಲಾದೇಶ, ಅವರದೇ ಇತ್ತು. ಕರಾಚಿಯಿಂದ ಢಾಕಾಕ್ಕೆ ಭಾರತದ ಮೇಲೆ ನೇರ ಹಾರಿದರೆ 2,400 ಕಿ.ಮೀ. ಒಳಗೆ. ಮುಚ್ಚಿದ ಮೇಲೆ ಭಾರತದ ಪರ್ಯಾಯ ದ್ವೀಪವನ್ನೇ ಸುತ್ತಿ, ಕೊಲಂಬೊದಲ್ಲಿ ಇಂಧನ ತುಂಬಿಸಿಕೊಂಡು ಹೋಗಬೇಕಾಯಿತು. ದೂರ ಹೆಚ್ಚೂಕಮ್ಮಿ ಎರಡು ಪಟ್ಟು. ಆ ವರ್ಷ ಅವರ ಸೈನಿಕರೂ ಸಾಮಾನೂ ಅದೇ ಸುತ್ತು ದಾರಿಯಲ್ಲಿ ಹೋಗಬೇಕಾಗಿತ್ತು ಅನ್ನುವುದನ್ನು ನೆನೆದರೆ ಆಕಾಶದ ಬಾಗಿಲಿಗೆ ಇರುವ ಬೆಲೆ ಗೊತ್ತಾಗುತ್ತದೆ. ಪಾಕಿಸ್ತಾನ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಗೆ ದೂರು ಕೊಟ್ಟಿತು. ಆ ಸಂಸ್ಥೆಗೆ ಇದನ್ನು ವಿಚಾರಿಸುವ ಅಧಿಕಾರವಿಲ್ಲ ಅಂತ ಭಾರತ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ಅಧಿಕಾರ ಇದೆ ಅಂತ 1972ರಲ್ಲಿ ತೀರ್ಪು ಬಂತು. ಮುಂದೆ 1976ರಲ್ಲಿ ಎರಡೂ ದೇಶ ಮಾತಾಡಿಕೊಂಡು ಕೇಸು ಕೈಬಿಟ್ಟವು. ಒಂದು ದೇಶಕ್ಕೆ ಮಾತ್ರ ಆಕಾಶ ಮುಚ್ಚುವುದು ಸರಿಯೋ ತಪ್ಪೋ ಅನ್ನುವ ಮೂಲ ಪ್ರಶ್ನೆ ಆ ಕೇಸಿನಲ್ಲಿ ಇತ್ಯರ್ಥವಾಗಲೇ ಇಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ, ಮುಚ್ಚಿದವರಿಗೂ ನಷ್ಟ ಇದೆ. ತನ್ನ ಮೇಲೆ ಹಾರುವ ವಿಮಾನಗಳಿಂದ ದೇಶಗಳು ಶುಲ್ಕ ವಸೂಲಿ ಮಾಡುತ್ತವೆ, ಸಾಮಾನ್ಯವಾಗಿ ಹಾರಿದ ದೂರ ಮತ್ತು ವಿಮಾನದ ತೂಕ ನೋಡಿ. 2025ರ ಏಪ್ರಿಲ್ 24ರಿಂದ ಜೂನ್ 30ರ ತನಕ 410 ಕೋಟಿ ಪಾಕಿಸ್ತಾನಿ ರೂಪಾಯಿ ಖೋತಾ ಆಯಿತು ಅಂತ ಅಲ್ಲಿನ ರಕ್ಷಣಾ ಸಚಿವಾಲಯವೇ ಸಂಸತ್ತಿಗೆ ಹೇಳಿತು. ಆದರೆ ಅಲ್ಲಿನ ವಿಮಾನ ಕಂಪನಿಗಳಿಗೆ ಪೂರ್ವಕ್ಕೆ, ಭಾರತದ ಮೇಲಿಂದ ಹೋಗುವ ಹಾರಾಟಗಳೇ ಕಡಿಮೆ. ಕ್ವಾಲಾಲಂಪುರದಂಥ ಕೆಲವು ಊರುಗಳಷ್ಟೇ. ಭಾರತದ ಕಡೆಯಿಂದ ಪಶ್ಚಿಮಕ್ಕೆ ಹೋಗುವವು ದಿನಕ್ಕೆ ಹತ್ತಾರು. ಹಾಗಾಗಿ ಭಾರತದ ನಷ್ಟ ಕಂಪನಿಗಳ, ಪ್ರಯಾಣಿಕರ ತಲೆಗೆ ಬರುತ್ತದೆ. ಪಾಕಿಸ್ತಾನದ ನಷ್ಟ ಸರ್ಕಾರದ ಖಜಾನೆಗೆ. ತಿಂಗಳು ತಿಂಗಳೂ ಸಹಿ ಹಾಕುವುದು ಎರಡು ಕಡೆಗೂ ಸುಲಭವಾಗಿರುವುದು ಬಹುಶಃ ಇದರಿಂದಲೇ. ಗುಂಡು ಹಾರಿಸಬೇಕಾಗಿಲ್ಲ, ಕೋಪವನ್ನೂ ತೋರಿಸಿದ ಹಾಗಾಯಿತು.

ಅಲ್ಲಿ ನಮಗೆ ನಷ್ಟ, ಇಲ್ಲಿ ನಮಗೆ ಲಾಭ

ಪಾಕಿಸ್ತಾನದ ಮಾತು ಬಂದಾಗ ಇದು ಅನ್ಯಾಯ ಅನ್ನುವ ನಾವು ರಷ್ಯಾದ ಮಾತು ಬಂದಾಗ ಸುಮ್ಮನಿರುತ್ತೇವೆ. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಯುರೋಪಿನ ಒಕ್ಕೂಟ ರಷ್ಯಾದ ವಿಮಾನಗಳಿಗೆ, ರಷ್ಯಾ ಯುರೋಪಿನ ವಿಮಾನಗಳಿಗೆ ಆಕಾಶ ಮುಚ್ಚಿದವು. ಅಮೆರಿಕವೂ ಜೊತೆಗೆ ಸೇರಿತು. ಹೆಲ್ಸಿಂಕಿಯಿಂದ ಟೋಕಿಯೊಗೆ ಸುಮಾರು 9 ಗಂಟೆಯಲ್ಲಿ ಹೋಗುತ್ತಿದ್ದ ಫಿನ್‌ಏರ್ ವಿಮಾನಕ್ಕೆ ಸುಮಾರು 13 ಗಂಟೆ ಬೇಕಾಯಿತು. ಏಷ್ಯಾಕ್ಕೆ ಹತ್ತಿರದ ದಾರಿ ಅನ್ನುವುದನ್ನೇ ನಂಬಿ ಬೆಳೆದಿದ್ದ ಕಂಪನಿ ಅದು.

ಭಾರತಕ್ಕೂ ಚೀನಾಕ್ಕೂ ರಷ್ಯಾ ಬಾಗಿಲು ಹಾಕಲಿಲ್ಲ. ಅಮೆರಿಕದ ಯುನೈಟೆಡ್ 2022ರ ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ–ದೆಹಲಿ ಹಾರಾಟ ನಿಲ್ಲಿಸಿದಾಗ ಏರ್ ಇಂಡಿಯಾ ರಷ್ಯಾದ ಮೇಲಿಂದ ಹಾರುತ್ತಲೇ ಇತ್ತು. ಇದು ಅಸಮಾನ ಪೈಪೋಟಿ ಅಂತ ಅಮೆರಿಕದ ಕಂಪನಿಗಳು ದೂರುತ್ತ ಬಂದಿವೆ. 2025ರ ಅಕ್ಟೋಬರ್‌ನಲ್ಲಿ ಅಮೆರಿಕದ ಸಾರಿಗೆ ಇಲಾಖೆ, ಅಮೆರಿಕಕ್ಕೆ ಬರುವ ಚೀನಾದ ವಿಮಾನಗಳು ರಷ್ಯಾದ ಮೇಲೆ ಹಾರಬಾರದು ಅನ್ನುವ ಪ್ರಸ್ತಾಪವನ್ನೂ ಇಟ್ಟಿತು. ಭಾರತದ ವಿಮಾನಗಳಿಗೂ ಇದೇ ಮಾತು ನಾಳೆ ಬರಬಹುದು ಅನ್ನುವುದನ್ನು ತಳ್ಳಿಹಾಕುವಂತಿಲ್ಲ.

ಈ ಲಾಭಕ್ಕೂ ಒಂದು ಮಗ್ಗುಲಿನ ಮುಳ್ಳು ಇದೆ. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ಏರ್ ಇಂಡಿಯಾ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ದೂರದ ಪೂರ್ವದ ಮಗದಾನ್‌ನಲ್ಲಿ ಇಳಿಯಿತು. 216 ಪ್ರಯಾಣಿಕರು, 16 ಸಿಬ್ಬಂದಿ. ಅವರನ್ನು ಕರೆದೊಯ್ಯಲು ಭಾರತದಿಂದ ಇನ್ನೊಂದು ವಿಮಾನವೇ ಬರಬೇಕಾಯಿತು. ಹತ್ತಿರದ ದಾರಿ ಅನ್ನುವುದು ಎಂಜಿನ್ ಸರಿ ಇರುವ ತನಕ.

ಮುಂದೇನು

ಭಾರತದಿಂದ ಯುರೋಪಿಗೆ ಹೋಗುವ ಆಕಾಶದ ದಾರಿ ಹತ್ತು ವರ್ಷದ ಹಿಂದೆ ಇದ್ದಷ್ಟು ಅಗಲವಾಗಿ ಈಗಿಲ್ಲ. ಉತ್ತರದಲ್ಲಿ ಉಕ್ರೇನ್ ಪೂರ್ತಿ ಬಂದ್. 2014ರ ಜುಲೈ 17ರಂದು ಪೂರ್ವ ಉಕ್ರೇನ್ ಮೇಲೆ ಮಲೇಷ್ಯಾದ ಎಂಎಚ್17 ವಿಮಾನವನ್ನು ಹೊಡೆದುರುಳಿಸಿ 298 ಜನ ಸತ್ತ ಮೇಲೆ, ಯುದ್ಧ ನಡೆಯುವ ಕಡೆ ಎತ್ತರದಲ್ಲಿ ಹಾರಿದರೆ ಅಪಾಯವಿಲ್ಲ ಅನ್ನುವ ನಂಬಿಕೆ ಯಾರಿಗೂ ಉಳಿದಿಲ್ಲ. ದಕ್ಷಿಣದಲ್ಲಿ ಇರಾನ್, ಇರಾಕ್ ಯಾವಾಗ ಮುಚ್ಚುತ್ತವೆ ಅನ್ನುವುದು ಆಯಾ ದಿನದ ಸುದ್ದಿಗೆ ಬಿಟ್ಟದ್ದು. 2025ರ ಜೂನ್ 13ರಂದು ಇಸ್ರೇಲ್ ದಾಳಿ ಶುರುವಾದಾಗ ಇರಾನ್ ಆಕಾಶ ಮುಚ್ಚಿತು. ಪಾಕಿಸ್ತಾನ ಬಿಟ್ಟು ಇರಾನ್ ಕಡೆಯಿಂದ ಬಳಸಿ ಹೋಗುತ್ತಿದ್ದ ಭಾರತದ ವಿಮಾನಗಳಿಗೆ ಆ ಬಳಸು ದಾರಿಯೂ ಹೋಯಿತು. ಹೊರಟ ಹಲವು ವಿಮಾನಗಳು ಅರ್ಧದಿಂದ ವಾಪಸ್ ಬಂದವು. ಈಗಿನ ಸಮಸ್ಯೆಯ ನಿಜವಾದ ಅಪಾಯ ಇದು: ಪಾಕಿಸ್ತಾನ ಮುಚ್ಚಿದ್ದೊಂದೇ ಆದರೆ ಒಂದು ಗಂಟೆ ಜಾಸ್ತಿ, ಜೊತೆಗೆ ಇನ್ನೊಂದು ಬಾಗಿಲು ಬಿದ್ದರೆ ಹಾರಾಟವೇ ರದ್ದು.

ಟಿಕೆಟ್ ದರದ ಮೇಲೆ ಇದರ ಪರಿಣಾಮ ನೇರವಾಗಿ ಕಾಣುವುದಿಲ್ಲ. ಸುತ್ತಿ ಹೋಗುವ ಖರ್ಚನ್ನೆಲ್ಲ ದರಕ್ಕೆ ಸೇರಿಸಿದರೆ, ಪಕ್ಕದಲ್ಲೇ ಬೇಗ ತಲುಪಿಸುವ ವಿದೇಶಿ ಕಂಪನಿ ಕಾಯುತ್ತಿರುತ್ತದೆ. ಹಾಗಾಗಿ ಭಾರತದ ಕಂಪನಿ ದರ ಏರಿಸುವುದಕ್ಕಿಂತ ಲಾಭವಿಲ್ಲದ ದಾರಿಗಳನ್ನು ಬಿಡುವ ಸಾಧ್ಯತೆಯೇ ಜಾಸ್ತಿ. ವಾಷಿಂಗ್ಟನ್, ಅಲ್ಮಾಟಿ, ತಾಷ್ಕೆಂಟ್‌ನಲ್ಲಿ ಆದದ್ದು ಇದೇ. ಒಂದು ದಾರಿಯಲ್ಲಿ ಕಂಪನಿಗಳು ಕಡಿಮೆಯಾದ ಮೇಲೆ ಉಳಿದವರು ದರ ಏರಿಸುತ್ತಾರೆ. ಪ್ರಯಾಣಿಕನ ಜೇಬಿಗೆ ಕತ್ತರಿ ಬೀಳುವುದು ಈ ಬಳಸು ದಾರಿಯಲ್ಲಿ.

ನಾಳೆಯೇ ಬಾಗಿಲು ತೆರೆದರೆ? 2019ರಲ್ಲಿ ನಡುರಾತ್ರಿ ಕಳೆದ ಮೇಲೆ ನೋಟಮ್ ಹಿಂತೆಗೆದುಕೊಂಡರು. ಅದರ ಬೆನ್ನಲ್ಲೇ ವಿಮಾನಗಳು ಹಳೆಯ ದಾರಿಗೆ ಮರಳಿದವು. ಹಾರುತ್ತಿರುವ ವಿಮಾನದ ದಾರಿ ಬದಲಿಸುವುದು ಒಂದು ರಾತ್ರಿಯ ಕೆಲಸ. ಟಿಕೆಟ್ ಮೇಲಿನ ಸಮಯ ಸರಿಹೋಗುವುದಕ್ಕೆ ಮುಂದಿನ ವೇಳಾಪಟ್ಟಿ ಬರಬೇಕು. ವಿಮಾನಗಳ ವೇಳಾಪಟ್ಟಿ ಬದಲಾಗುವುದು ಮಾರ್ಚ್ ಕೊನೆ ಮತ್ತು ಅಕ್ಟೋಬರ್ ಕೊನೆಯಲ್ಲಿ. ಅಲ್ಲಿಯ ತನಕ ವಿಮಾನಗಳು ಹೇಳಿದ್ದಕ್ಕಿಂತ ಒಂದು ಗಂಟೆ ಮುಂಚೆ ಇಳಿದು, ನಿಲ್ಲಲು ಜಾಗ ಸಿಗದೆ ಕಾಯುವುದನ್ನೂ ನೋಡಬೇಕಾಗಬಹುದು. ಬಿಟ್ಟುಹೋದ ಊರುಗಳಿಗೆ ಮತ್ತೆ ಹಾರಲು ವಿಮಾನ, ಸಿಬ್ಬಂದಿ, ಸ್ಲಾಟ್ ಮೂರೂ ಹೊಸದಾಗಿ ಹೊಂದಿಸಬೇಕು. ಅದಕ್ಕೆ ತಿಂಗಳುಗಳೇ ಬೇಕು.